ವಖಾರಿಯ ಆರು ಕಾನೂನು

ಮಂಗಳವಾರ, ಜೂನ್ ೮, ೧೯೪೩

ಇದು ನನ್ನ ಬೀಜಗಣಿತದ ನೋಟ್‌ಬುಕ್ಕು. ಮೊದಲ ಹದಿನೆಂಟು ಪುಟ ಲೆಕ್ಕ, ಎಲ್ಲ ತಪ್ಪು. ಉಳಿದದ್ದು ಖಾಲಿ. ಯುದ್ಧ ಶುರುವಾದ ಮೇಲೆ ಕಾಗದ ಸಿಗುವುದೇ ಕಷ್ಟ, ಅಂಗಡಿಯಲ್ಲಿ ಬೆಲ್ಲವನ್ನೂ ಬಾಳೆಲೆಯಲ್ಲಿ ಕಟ್ಟಿಕೊಡುತ್ತಾರೆ. ಹಾಗಾಗಿ ದಿನಚರಿಗೆ ಇದನ್ನೇ ಇಟ್ಟುಕೊಂಡೆ. ಓದುವವರು ಯಾರೂ ಇಲ್ಲ. ಸುಳ್ಳು ಬರೆಯುವ ಅಗತ್ಯವೂ ಇಲ್ಲ.

ಮೊದಲ ನಿಜ ಇದು: ನಾನು ಶಾಲೆ ಬಿಟ್ಟದ್ದು ದೇಶಕ್ಕಾಗಿ ಅಲ್ಲ. ಹೋದ ವರ್ಷ ಆಗಸ್ಟಿನಲ್ಲಿ ಅರ್ಧ ಶಾಲೆ ಘೋಷಣೆ ಕೂಗುತ್ತ ಹೊರಗೆ ಬಂತು, ಜೊತೆಗೆ ನಾನೂ ಬಂದೆ. ತಿಂಗಳಾದ ಮೇಲೆ ಕೆಲವರು ಶಾಲೆಯೊಳಗೆ ಹೋದರು, ಕೆಲವರು ಜೈಲಿನೊಳಗೆ ಹೋದರು. ನಾನು ಎರಡೂ ಕಡೆ ಹೋಗಲಿಲ್ಲ. ನನಗೆ ಬೀಜಗಣಿತ ಬರುತ್ತಿರಲಿಲ್ಲ, ಅಷ್ಟೆ.

ಇವತ್ತು ಚಿಮಣಿ ಎಣ್ಣೆಯ ಸಾಲಿನಲ್ಲಿ ಅಂಗಡಿಯ ಲಿಂಗಪ್ಪ ಶೆಟ್ಟರು ನನ್ನನ್ನು ಕಂಡು, “ಗಾಂಧಿಗಾಗಿ ಶಾಲೆ ಬಿಟ್ಟ ಹುಡುಗ ಮಾರಾಯ್ರೆ, ಮುಂದೆ ಬಿಡಿ ಅಂವನ್ನ” ಅಂದರು.

“ಅಲ್ಲ ಶೆಟ್ರೇ, ಬೀಜಗಣಿತಕ್ಕಾಗಿ” ಅಂದೆ.

ಎಲ್ಲರೂ ನಕ್ಕರು. ನಾನು ಹಿಂದೆ ಹೋಗಿ ನನ್ನ ಜಾಗದಲ್ಲಿ ನಿಂತೆ. ಸರತಿ ಬರುವಷ್ಟರಲ್ಲಿ ಎಣ್ಣೆ ಮುಗಿದಿತ್ತು. ಆಯಿ ಬೈದಳು. “ಹೌದು ಅಂದಿದ್ರೆ ನಿನ್ನ ಗಂಟೆಂತ ಹೋಗ್ತಿತ್ತು?” ಅಂದಳು.

ಶನಿವಾರ, ಜೂನ್ ೧೨

ಮೂರು ದಿನದಿಂದ ಮಳೆ ಬಿಟ್ಟಿಲ್ಲ.

ಅಪ್ಪಯ್ಯ ಭಟ್ಕಳದ ಸಾಹುಕಾರರೊಬ್ಬರ ವಖಾರಿಯ ಗುಮಾಸ್ತ. ವಖಾರಿ ಇರುವುದು ಹೊನ್ನಾವರದ ಬಂದರದಲ್ಲಿ, ಶರಾವತಿಯ ನೀರು ಮೆಟ್ಟಿಲು ಮುಟ್ಟುವಲ್ಲಿ. ಮಳೆಗಾಲ ಹಿಡಿಯಿತೆಂದರೆ ಸರಕು ಸಾಗಿಸುವ ಮಚವೆಗಳೆಲ್ಲ ತೆಂಗಿನ ಗರಿ ಹೊದ್ದುಕೊಂಡು ದಡದ ಮೇಲೆ ಮಲಗುತ್ತವೆ. ನೂಲುಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಡುವ ತನಕ ಸರಕು ಬರುವುದಿಲ್ಲ. ಅಲ್ಲಿಯ ತನಕ ವಖಾರಿ ಖಾಲಿ. ಬಾಗಿಲು ತೆಗೆದು ಗಾಳಿಯಾಡಿಸುವುದು, ಹಂಚು ಸೋರುವಲ್ಲಿ ಕೊಡಪಾನ ಇಡುವುದು ನನ್ನ ಕೆಲಸ. ಶಾಲೆ ಬಿಟ್ಟವನಿಗೆ ತಕ್ಕ ಕೆಲಸ ಎಂದು ಅಪ್ಪಯ್ಯ ಹೇಳುತ್ತಾರೆ.

ಅವರಿಗೆ ಆಟದ ವಿಷಯ ಇನ್ನೂ ಪೂರ್ತಿ ತಿಳಿದಿಲ್ಲ. ಸಂಜೆ ಶಾಲೆ ಬಿಟ್ಟಕೂಡಲೇ ನನ್ನ ತಮ್ಮ ಮಾಬ್ಲೇಶ್ವರ ಎಂಟೊಂಬತ್ತು ಮಕ್ಕಳನ್ನು ಕಟ್ಟಿಕೊಂಡು ವಖಾರಿಗೆ ಬರುತ್ತಾನೆ. ಎಲ್ಲ ಹನ್ನೊಂದು ವರ್ಷದ ಒಳಗಿನವರು. ಮೀನುಗಾರ ಖಾರ್ವಿಗಳ ಕೇರಿಯ ಹುಡುಗ ಮಾಸ್ತಿ ತನ್ನ ಅಜ್ಜನಿಂದ ಮಾಡಿಸಿ ತಂದ ಚೆಂಡು ಇದೆ. ಹಳೆ ಬಟ್ಟೆಯ ಉಂಡೆ, ಮೇಲೆ ಬಲೆಯ ದಾರದ ಹೆಣಿಗೆ. ಅದು ಪುಟಿಯುವುದಿಲ್ಲ, ಉರುಳುತ್ತದೆ. ಹಂಚಿನ ಮಾಡಿನ ಕೆಳಗೆ ಆಡಲಿಕ್ಕೆ ಅಂಥದೇ ಬೇಕು. ಎರಡು ತುದಿಗೆ ಖಾಲಿ ಗೋಣಿಯ ಕಟ್ಟುಗಳನ್ನಿಟ್ಟು ಗೋಲು ಮಾಡಿದ್ದೇನೆ.

ಮೈದಾನದ ಫುಟ್‌ಬಾಲಿನ ಕಾನೂನು ಇಲ್ಲಿ ನಡೆಯುವುದಿಲ್ಲ. ನಡುವೆ ಆರು ಕಂಬ, ಸುತ್ತ ಗೋಡೆ. ಚೆಂಡು ಹೊರಗೆ ಹೋಯಿತು ಎನ್ನಲಿಕ್ಕೆ ಹೊರಗು ಎಂಬುದೇ ಇಲ್ಲ. ಕಂಬ ಯಾರ ಕಡೆಯೂ ಅಲ್ಲ, ಬಡಿದು ಬಂದರೆ ಆಡಿ ಎಂದೆ. ಗೋಲು ಕಾಯುವವನು ಮಾತ್ರ ಕೈ ಹಚ್ಚಬಹುದು, ಮತ್ತು ಗೋಲು ಬಿದ್ದ ಪ್ರತಿಸಲ ಕಾಯುವವನು ಬದಲಾಗಬೇಕು, ಇಲ್ಲದಿದ್ದರೆ ಸಣ್ಣವರೇ ಯಾವಾಗಲೂ ಅಲ್ಲಿ ನಿಲ್ಲಬೇಕಾಗುತ್ತದೆ. ಎರಡು ಕಡೆಗೂ ಐದೈದು ಜನ. ನಿನ್ನೆ ಒಬ್ಬರು ಕಡಿಮೆ ಬಿದ್ದರು. ವಖಾರಿಯ ಜಗಲಿಯಲ್ಲಿ ಹರಿವೆ, ಬಸಳೆ ಇಟ್ಟುಕೊಂಡು ಕೂರುವ ಹಾಲಕ್ಕಿ ಹೆಂಗಸು ಗಂಗೆಯ ಮಗಳು ಸಣ್ಣಿ ಬಾಗಿಲಲ್ಲಿ ನಿಂತಿದ್ದಳು. ಎಂಟು ವರ್ಷ. ಕರೆದೆ. ಗಾಳಿಯ ಹಾಗೆ ಓಡುತ್ತಾಳೆ.

ಎಲ್ಲಕ್ಕಿಂತ ಒಳ್ಳೆಯ ಕಾನೂನು ಕೊನೆಯದು. ಯಾರನ್ನಾದರೂ ಅಳಿಸಿದವನು, ಆ ಅಳು ನಿಲ್ಲುವವರೆಗೆ ಹೊರಗೆ. ಗಡಿಯಾರವಿಲ್ಲದ ಜಾಗಕ್ಕೆ ಇದಕ್ಕಿಂತ ಸರಿಯಾದ ಅಳತೆ ಇಲ್ಲ. ಪೆಟ್ಟು ಸಣ್ಣದಾದರೆ ಅಳುವೂ ಸಣ್ಣದು.

ನನ್ನ ಕೈಯಿಂದ ಈ ತನಕ ಆದ ಒಂದೇ ಒಳ್ಳೆಯ ಕೆಲಸ ಇದು ಎನಿಸುತ್ತದೆ.

ರವಿವಾರ, ಜೂನ್ ೨೦

ನಾರಾಯಣ ಬಂದಿದ್ದಾನೆ.

ಇಂಗ್ಲಿಷ್ ಐದನೇ ಇಯತ್ತೆಯ ತನಕ ನನ್ನ ಬೆಂಚಿನಲ್ಲೇ ಕೂತವನು. ತಂತಿ ಕಡಿದನೆಂದು ಆರು ತಿಂಗಳು ಜೈಲಾಗಿತ್ತು. ಬಸ್ಸಿನಿಂದ ಇಳಿದಾಗ ಲಿಂಗಪ್ಪ ಶೆಟ್ಟರು ಹಾರ ಹಾಕಿದರಂತೆ. ಅವನು ನಿಜವಾಗಿ ದೇಶಕ್ಕಾಗಿ ಶಾಲೆ ಬಿಟ್ಟವನು. ಅವನಿಗೆ ಬೀಜಗಣಿತವೂ ಬರುತ್ತಿತ್ತು.

ಸಂಜೆ ವಖಾರಿಗೆ ಬಂದ. ತೆಳ್ಳಗಾಗಿದ್ದಾನೆ. ಅದೂ ಅವನಿಗೆ ಒಪ್ಪುತ್ತದೆ. ಕೈಯಲ್ಲಿ ಮುಂಬಯಿಯ ಮಾವ ಕಳಿಸಿದ ವಾಚು, ಕೊರಳಲ್ಲಿ ಸೀಟಿ, ಕಂಕುಳಲ್ಲಿ ನಿಜವಾದ ತೊಗಲಿನ ಫುಟ್‌ಬಾಲು. ಮಕ್ಕಳು ಚೆಂಡನ್ನು ಮೂಸಿ ನೋಡಿದರು.

“ತ್ರ್ಯಂಬಕಾ, ಎಂತ ಚಂದ ಮಾಡಿದ್ಯೋ ಇದನ್ನ!” ಅಂದ. ಅವನು ಮನಸ್ಸಿನಿಂದಲೇ ಹೇಳಿದ. ಅದನ್ನೇ ನನಗೆ ತಡೆಯಲಿಕ್ಕಾಗಲಿಲ್ಲ.

ಮೊದಲ ಒದೆತಕ್ಕೇ ಅವನ ಫುಟ್‌ಬಾಲು ಎರಡು ಹಂಚು ಒಡೆಯಿತು. ಸದ್ದು ಕೇಳಿ ಅಪ್ಪಯ್ಯ ಓಡಿ ಬಂದರು. ನಾರಾಯಣನಿಗೆ ಏನೂ ಅನ್ನಲಿಲ್ಲ, “ಆರೋಗ್ಯ ಹೆಂಗಿದ್ದೋ” ಎಂದು ಕೇಳಿದರು. ಬೈಗುಳ ಪೂರ್ತಿ ನನಗೆ. ಕೊನೆಗೆ, ಹಂಚಿಗೆ ತಾಗದ ಹಾಗೆ ಆಡುವುದಾದರೆ ಆಡಿ ಎಂದು ಒಪ್ಪಿದರು. ತೊಗಲಿನ ಚೆಂಡು ಮೊಳೆಗೆ ಏರಿತು. ನಾನು ಹೊಸ ಕಾನೂನು ಹೇಳಿದೆ: ಚೆಂಡು ಸೊಂಟಕ್ಕಿಂತ ಮೇಲೆ ಎದ್ದರೆ ಒದ್ದವರ ತಪ್ಪು.

ಹಂಚು ಒಡೆದಾಗ ನನಗೆ ಸಂತೋಷವಾಯಿತು. ಬರೆದಿಟ್ಟಿದ್ದೇನೆ.

ಬುಧವಾರ, ಜೂನ್ ೨೩

ಮಕ್ಕಳು ಬಂದಕೂಡಲೇ “ನಾರಾಯಣಣ್ಣ ಎಲ್ಲಿ?” ಎಂದು ಕೇಳುತ್ತಾರೆ. ನನ್ನನ್ನೇ ಕೇಳುತ್ತಾರೆ.

ಗುರುವಾರ, ಜುಲೈ ೧

ಆಟ ಮೊದಲಿಗಿಂತ ಚೆನ್ನಾಗಿದೆ. ಇದನ್ನು ಬರೆಯಲಿಕ್ಕೆ ನಾಲ್ಕು ದಿನ ತಡೆದೆ. ಆದರೆ ನಿಜ.

ಮೊದಲು ಎಲ್ಲರೂ ಚೆಂಡಿನ ಹಿಂದೆ ಕೋಳಿಮರಿಗಳ ಹಾಗೆ ಓಡುತ್ತಿದ್ದರು. ನಾರಾಯಣ ಒಬ್ಬೊಬ್ಬರಿಗೂ ಒಂದೊಂದು ಕಂಬ ತೋರಿಸಿ, “ನಿನ್ನ ಮನೆ ಇದು, ಚೆಂಡು ಮನೆ ಹತ್ತಿರ ಬಂದಾಗ ಮಾತ್ರ ನಿಂದು” ಅಂದ. ಈಗ ಗೋಡೆಗೆ ಬಡಿಸಿ ಆಚೆಯವನಿಗೆ ಕೊಡುವುದನ್ನೂ ಕಲಿತಿದ್ದಾರೆ.

ನಿನ್ನೆ ಮಾಸ್ತಿ ಸಣ್ಣಿಯನ್ನು ಗೋಡೆಗೆ ಒತ್ತಿ ಹಿಡಿದು ಚೆಂಡು ಕಿತ್ತುಕೊಂಡ. ಅವಳ ಭುಜ ತರಚಿತು. ನಾರಾಯಣ ಸೀಟಿ ಊದಿದ. “ಮೈದಾನದಲ್ಲಿ ಸರಿದು ನಿಲ್ಲಲಿಕ್ಕೆ ಜಾಗ ಇರ್ತದೆ. ಇಲ್ಲಿ ಗೋಡೆಗೆ ಸಿಕ್ಕವ ಎಲ್ಲಿಗೆ ಹೋಗ್ಬೇಕು? ಗೋಡೆಗೆ ಒತ್ತುವ ಹಾಗಿಲ್ಲ. ಒತ್ತಿದರೆ ಚೆಂಡು ಎದುರಿನವರಿಗೆ” ಅಂದ. ತಿಂಗಳಿಂದ ಆಡಿಸುತ್ತಿದ್ದರೂ ನನಗೆ ಇದು ಹೊಳೆದಿರಲಿಲ್ಲ. ನಾನು ಹಂಚಿನ ಬಗ್ಗೆ ಯೋಚಿಸಿದ್ದೆ, ಗೋಡೆಗೆ ಸಿಕ್ಕವನ ಬಗ್ಗೆ ಯೋಚಿಸಿರಲಿಲ್ಲ.

ಅವನ ಮೇಲೆ ನನಗೆ ಯಾಕೆ ಹೊಟ್ಟೆಕಿಚ್ಚು ಎಂದು ದೋಣಿಕಟ್ಟೆಯಲ್ಲಿ ಕೂತು ಯೋಚಿಸಿದೆ. ವಾಚಿಗಲ್ಲ. ಸೀಟಿಗೆ ಸ್ವಲ್ಪ ಹೌದು. ಹಾರಕ್ಕೂ ಅಲ್ಲ, ಅದು ಅವನಿಗೆ ಸಲ್ಲಬೇಕಾದದ್ದು. ಅವನಿಗೆ ಮಾಡಲಿಕ್ಕೆ ಬೇಕಾದಷ್ಟು ಕೆಲಸ ಇದೆ, ಮುಂದೆ ಧಾರವಾಡದ ಓದು ಇದೆ, ದೇಶ ಇದೆ. ನನಗೆ ಈ ಹತ್ತು ಮಕ್ಕಳು ಮತ್ತು ಈ ಆರು ಕಂಬ ಮಾತ್ರ. ಅವನು ಬಂದು ಅದನ್ನೇ ಯಾಕೆ ಹಿಡಿಯಬೇಕಿತ್ತು?

ಮಂಗಳವಾರ, ಜುಲೈ ೧೩

ಸಾಹುಕಾರರ ಕಡೆಯಿಂದ ಮೀರಾ ಸಾಹೇಬರು ಭಟ್ಕಳದಿಂದ ಬಂದಿದ್ದರು, ಮಾಡು ನೋಡಲಿಕ್ಕೆ. ಬಾಗಿಲಲ್ಲಿ ಕೊಡೆ ಮಡಚಿಕೊಂಡು ನಿಂತವರು ಆಟ ಮುಗಿಯುವ ತನಕ ಅಲ್ಲಾಡಲಿಲ್ಲ. ಅಪ್ಪಯ್ಯ ಹೆದರಿ ಬಾಗಿಲ ಹಿಂದೆ ಕೈಮುಗಿದು ನಿಂತಿದ್ದರು.

“ಸಾಹುಕಾರರ ಮೊಮ್ಮಕ್ಕಳೂ ನಮ್ಮ ಭಟ್ಕಳದ ವಖಾರಿಯಲ್ಲಿ ಹೀಗೇ ಒದ್ಕೊಂಡು ಇರ್ತಾರೆ” ಅಂದರು ಸಾಹೇಬರು. “ಆದ್ರೆ ಅಲ್ಲಿ ಕಾನೂನು ಎಂತದೂ ಇಲ್ಲ. ದಿನಾ ಒಬ್ಬನ ಮೂಗು ಒಡೀತದೆ. ಅವರನ್ನ ಕರ್ಕೊಂಡು ಬರ್ತೇನೆ. ಒಂದು ಪಂದ್ಯ ಆಗ್ಲಿ. ಕಾನೂನೆಲ್ಲ ಬರೆದು ಕಳ್ಸಿ, ಮಕ್ಕಳು ಕಲ್ತು ಬರ್ಲಿ.”

ಆಗಸ್ಟ್ ಎಂಟು, ರವಿವಾರ ಎಂದು ಗೊತ್ತಾಯಿತು. ಹೊರಡುವಾಗ ಸಾಹೇಬರು ಮಾಬ್ಲೇಶ್ವರನ ತಲೆ ಸವರಿ, “ಇಷ್ಟು ಚಂದದ ಕಾನೂನು ಮಾಡಿದ್ದು ಯಾರಪ್ಪ?” ಎಂದು ಕೇಳಿದರು.

“ನಾರಾಯಣಣ್ಣ” ಅಂದ ನನ್ನ ತಮ್ಮ. ನನ್ನ ಸ್ವಂತ ತಮ್ಮ.

ನಾರಾಯಣ ಆಗ ಹೊರಗೆ ಮಚವೆಯ ಹತ್ತಿರ ಇದ್ದ. ಕೇಳಿಸಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ಬಾಯಿ ತೆರೆಯಲಿಲ್ಲ. ಎಣ್ಣೆಯ ಸಾಲಿನಲ್ಲಿ ಬೇಡದ ಹೆಸರನ್ನು ತಿರುಗಿಸಿ ಕೊಟ್ಟವನಿಗೆ ನನ್ನದೇ ಹೆಸರು ಕೇಳಿ ತೆಗೆದುಕೊಳ್ಳಲಿಕ್ಕೆ ನಾಚಿಕೆಯಾಯಿತು.

ನನಗೆ ಬೇರೆ ಏನೂ ಬೇಡ. ಇದು ತ್ರ್ಯಂಬಕನ ಕಾನೂನು ಎಂದು ಯಾರಾದರೂ ಒಬ್ಬರು, ನಾನು ಹೇಳಿಕೊಡದೆ, ಹೇಳಬೇಕು.

ಗುರುವಾರ, ಜುಲೈ ೧೫

ಬರೆಯುವ ಕೆಲಸ ನನಗೇ ಬಂತು. “ನಿನ್ನ ಅಕ್ಷರ ಮುತ್ತು” ಅಂದ ನಾರಾಯಣ. ಇಬ್ಬರೂ ವಖಾರಿಯ ಹೊಸ್ತಿಲ ಮೇಲೆ ಕೂತೆವು. ಐದು ಕಾನೂನಿನ ತನಕ ತಕರಾರಿಲ್ಲ. ಆರನೆಯದಕ್ಕೆ ಜಗಳವಾಯಿತು.

“ಅಳು ನಿಲ್ಲುವವರೆಗೆ ಅಂತ ಬರೀಬೇಡ. ಎರಡು ನಿಮಿಷ ಹೊರಗೆ ಅಂತ ಬರೆ. ನನ್ನ ಹತ್ರ ವಾಚು ಇದೆಯಲ್ಲ.”

“ನಿನ್ನ ವಾಚು ನಿನ್ನ ಜೊತೆ ಧಾರವಾಡಕ್ಕೆ ಹೋಗ್ತದೆ. ಆಮೇಲೆ?”

“ಆಮೇಲಿಂದು ಆಮೇಲೆ. ಎದುರಿನವರು ಬೇಕಂತ್ಲೇ ಅತ್ರೆ ಎಂತ ಮಾಡ್ತೆ?”

“ನಮ್ಮ ಮಕ್ಕಳು ಬೇಕಂತ್ಲೇ ಅಳೂದಿಲ್ಲ.”

“ನೀನು ಅಳೂದಿಲ್ಲ ಮಾರಾಯ. ಎಲ್ಲರೂ ನಿನ್ನ ಹಾಂಗೇ ಇರ್ತಾರಾ?”

ಅವನ ಮಾತು ಸರಿ ಎಂದು ನನಗೆ ಆಗಲೇ ಗೊತ್ತಾಗಿತ್ತು. ಆದರೂ ಪೆನ್ನು ಎತ್ತಲಿಲ್ಲ. ಅವನು ಕಾಗದ ನನ್ನ ಕಡೆ ಸರಿಸಿದ. “ಆತು. ಆಟ ನಿಂದು, ಕಾನೂನೂ ನಿಂದೇ. ಬರೆ” ಅಂದ.

ಅವನು ಹಟ ಮಾಡಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಬಿಟ್ಟುಕೊಟ್ಟ. ಅವನು ಬಿಟ್ಟುಕೊಟ್ಟದ್ದನ್ನು ಹಿಡಿದುಕೊಂಡು ನಾನು ಅಲ್ಲೇ ಕೂತೆ. ಆ ಸಿಟ್ಟಿನಲ್ಲೇ ಒಂದೇ ಉಸಿರಿಗೆ ಗೀಚಿದೆ: ‘ಯಾರನ್ನಾದರೂ ಅಳಿಸಿದವನು ಅಳು ನಿಲ್ಲುವವರೆಗೆ ಆಟದಿಂದ ಹೊರಗೆ.’ ಕಾಗದ ಮಡಚಿ ಟಪಾಲಿಗೆ ಹಾಕಿ ಬಂದೆ.

ಸೋಮವಾರ, ಜುಲೈ ೧೯

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಪಂದ್ಯಕ್ಕೆ ಐದು ಜನರನ್ನು ಆರಿಸುವುದಿತ್ತು. ನಾರಾಯಣ ನನ್ನನ್ನು ಬದಿಗೆ ಕರೆದು, “ಸಣ್ಣಿಯನ್ನ ಎಂತ ಮಾಡೂದು? ಭಟ್ಕಳದವರು ಹೆಣ್ಣುಮಗು ಇದ್ರೆ ಆಡ್ಲಿಕ್ಕೆ ಒಪ್ತಾರೋ ಇಲ್ವೋ. ಆ ದಿನ ಎಲ್ಲರೆದುರು ಬೇಡ ಅಂದ್ರೆ ಅವಳಿಗೆ ಇನ್ನೂ ಬೇಜಾರಲ್ವಾ? ನೀನು ಎಂತ ಹೇಳ್ತೆ?” ಎಂದು ಕೇಳಿದ.

ಕೇಳಿ ನೋಡೋಣ, ಕಾಗದ ಬರೆಯೋಣ ಎಂದು ನಾನು ಹೇಳಬಹುದಿತ್ತು. ಓಟದಲ್ಲಿ ಮಾಸ್ತಿಯ ನಂತರ ಅವಳೇ ಎಂದೂ ಹೇಳಬಹುದಿತ್ತು. “ನಿನಗೆ ಸರಿ ಕಂಡ ಹಾಗೆ ಮಾಡು” ಅಂದೆ. ಯಾಕೆಂದರೆ, ಅವಳಿಗೆ ಬೇಡ ಎಂದು ಹೇಳುವವನು ಅವನಾಗುತ್ತಾನೆ.

ಅವನೇ ಹೇಳಿದ, ಮೊಣಕಾಲೂರಿ ಕೂತು, ಮೆತ್ತಗೆ. ಸಣ್ಣಿ ಎದ್ದು ಹೊರಗೆ ನಡೆದಳು. ಜಗಲಿಗೆ ಹೋಗಿ ಬುಟ್ಟಿಗಳ ಹಿಂದೆ ಕೂತು ಅತ್ತಳು. ಮಕ್ಕಳು ನಾರಾಯಣನನ್ನು ಒಂದು ಥರಾ ನೋಡಿದರು.

ಸಣ್ಣಿ ಅತ್ತಳು, ನನಗೆ ಖುಷಿಯಾಯಿತು. ನಾನು ಎಂಥವನು ಎಂದು ಇದರಿಂದ ತಿಳಿಯುತ್ತದೆ.

ಶುಕ್ರವಾರ, ಜುಲೈ ೩೦

ಹತ್ತು ದಿನ ಬರೆಯಲಿಲ್ಲ. ಮಾಡು ಹೊಸದಾಗಿ ಎರಡು ಕಡೆ ಸೋರುತ್ತಿದೆ.

ಗಂಗೆ ಜಗಲಿಯಲ್ಲಿ ಬಸಳೆ ಕಟ್ಟು ಮಾಡುತ್ತ ಕೇಳಿದಳು, “ಒಡೆಯಾ, ನಮ್ ಸಣ್ಣಿದು ಎಂತ ತಪ್ಪಾತು?”

“ಏನೂ ಇಲ್ಲ ಗಂಗೆ.”

“ತಪ್ಪಿಲ್ದೆ ಹೊರಗೆ ಹಾಕ್ತ್ರಾ?”

ನಾರಾಯಣ ಮಾಡಿದ್ದು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಅದು ಪೂರ್ತಿ ನಿಜ ಅಲ್ಲ. ಹಾಗೆಂದು ನಿಜವನ್ನೂ ಹೇಳಲಿಲ್ಲ. ಬೇಡದಿದ್ದರೂ ಎರಡು ಕಟ್ಟು ಬಸಳೆ ತೆಗೆದುಕೊಂಡು ಮನೆಗೆ ಬಂದೆ.

ರವಿವಾರ, ಆಗಸ್ಟ್ ೮

ಭಟ್ಕಳದವರು ಬರುವಷ್ಟರಲ್ಲಿ ಮೂರು ಗಂಟೆ. ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡಿಸುವ ಬಸ್ಸು ಮಂಕಿಯ ಹತ್ತಿರ ಕೆಟ್ಟು ನಿಂತಿತ್ತಂತೆ. ಕಾಸರಕೋಡಿನಿಂದ ದೋಣಿಯಲ್ಲಿ ಹೊಳೆ ದಾಟಿ ಐವರು ಹುಡುಗರೂ ನೆನೆದು ಬಂದರು. ಸಾಹುಕಾರರ ಮೊಮ್ಮಗ ಜಾಫರ್ ಎಲ್ಲರಿಗಿಂತ ಎತ್ತರ, ಹಲ್ಲು ಸ್ವಲ್ಪ ಮುಂದೆ, ಒಳ್ಳೆ ನಗು. ನಾನು ಕಳಿಸಿದ ಕಾಗದವನ್ನು ಐವರೂ ಬಾಯಿಪಾಠ ಮಾಡಿದ್ದರು. ಒಬ್ಬ ಸಣ್ಣವನು ನಮ್ಮ ಆರು ಕಂಬಗಳನ್ನು ಬೆರಳು ಮಡಚಿ ಎಣಿಸಿದ.

ಅವರು ತಮ್ಮೊಳಗೆ ಕೊಂಕಣಿಯ ಹಾಗೇ ಕೇಳುವ ನವಾಯತಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಮಾಸ್ತಿಯ ಮನೆಮಾತು ಕೊಂಕಣಿ, ಅವನಿಗೆ ಅರ್ಧಕ್ಕರ್ಧ ತಿಳಿಯುತ್ತಿತ್ತು. ಚೆಂಡು ಎಡಗಡೆಗೆ ಬರುತ್ತದೆ ಎಂದು ಮೊದಲೇ ಹೋಗಿ ನಿಲ್ಲುತ್ತಿದ್ದ. ಜಾಫರ್‌ಗೆ ಗೊತ್ತಾಗಿ, “ಏ, ಇಂವ ಕದ್ದು ಕೇಳ್ತಾ!” ಎಂದು ಕೂಗಿದ.

“ಕಿವಿ ಮುಚ್ಚಿ ಆಡ್ಬೇಕು ಅಂತ ಕಾನೂನಿಲ್ಲ” ಅಂದ ಮಾಸ್ತಿ. ಎಲ್ಲರೂ ನಕ್ಕರು, ಜಾಫರ್ ಕೂಡ. ಆಮೇಲೆ ಅವರು ಬರೀ ಕೈಸನ್ನೆ ಮಾಡಿದರು.

ಎರಡು, ಎರಡು ಆಗಿತ್ತು. ಆಗ ಜಾಫರ್ ಓಡಿ ಬರುವಾಗ ಅವನ ಮೊಣಕಾಲು ಮಾಬ್ಲೇಶ್ವರನ ತೊಡೆಗೆ ಬಡಿಯಿತು. ಮಾಬ್ಲೇಶ್ವರ ಬಿದ್ದು ಜೋರಾಗಿ ಅತ್ತ. ನಿಜವಾದ ಅಳು, ಪೆಟ್ಟು ನಾನೂ ನೋಡಿದೆ. ನಾರಾಯಣ ಸೀಟಿ ಊದಿದ, ಜಾಫರ್ ತಾನಾಗಿಯೇ ಹೊರಗೆ ಹೋಗಿ ನಿಂತ.

ಆಟ ಮುಂದುವರಿಯಿತು. ಮಾಬ್ಲೇಶ್ವರ ಎದ್ದು ಕುಂಟುತ್ತ ಅಳುತ್ತ ತನ್ನ ಕಂಬದ ಹತ್ತಿರವೇ ನಿಂತ. ಒಂದು ನಿಮಿಷ, ಎರಡು ನಿಮಿಷ. ಅಳು ಸಣ್ಣದಾಯಿತು, ಆದರೆ ನಿಲ್ಲಲಿಲ್ಲ. ಅವನು ಕಣ್ಣುಜ್ಜಿಕೊಳ್ಳುತ್ತಿದ್ದ ಬೆರಳುಗಳ ಸಂದಿಯಿಂದ ಚೆಂಡನ್ನೇ ನೋಡುತ್ತಿದ್ದ. ಅಳುತ್ತಲೇ ಒಂದು ಸಲ ಚೆಂಡನ್ನು ಮಾಸ್ತಿಗೆ ದಾಟಿಸಿದ. ನಾಲ್ಕೇ ಜನ ಉಳಿದಿದ್ದ ಭಟ್ಕಳದವರ ಗೋಲಿಗೆ ಮಾಸ್ತಿ ಹೊಡೆದ. ಮೂರು.

ಅವರ ಹುಡುಗರು ಚೆಂಡು ಎತ್ತಿಟ್ಟುಕೊಂಡು, ಆಡುವುದಿಲ್ಲ ಎಂದು ಕೂತುಬಿಟ್ಟರು. ಮೀರಾ ಸಾಹೇಬರು ಜೇಬಿನಿಂದ ನನ್ನ ಕಾಗದ ತೆಗೆದು ಬಿಡಿಸಿದರು.

“ಇದ್ರಲ್ಲಿ ಅಳು ನಿಲ್ಲುವವರೆಗೆ ಅಂತ ಉಂಟು. ನಾವು ಹಾಗೇ ಮಾಡಿದ್ವಿ. ಈ ಹುಡುಗ ಸಂಜೆಯ ಮಗ್ರಿಬ್ ನಮಾಜಿನ ತನಕ ಅತ್ರೆ ನಮ್ಮ ಹುಡುಗ ಅಲ್ಲಿ ತನಕ ನಿಲ್ಬೇಕಾ? ಯಾರ ಕಾನೂನು ಇದು?”

ಅವರು ಜೋರು ಮಾಡಲಿಲ್ಲ. ಬೇಜಾರಿನಿಂದ ಕೇಳಿದರು. ಅಪ್ಪಯ್ಯ ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು.

“ನಂದು ಸಾಹೇಬ್ರೆ” ಅಂದ ನಾರಾಯಣ. “ತಪ್ಪಾಗಿದೆ. ಆ ಗೋಲು ಬೇಡ.”

ಅವನು ಸುಳ್ಳು ಹೇಳಿದ. ಎರಡು ನಿಮಿಷ ಎಂದು ಬರೆಯಲಿಕ್ಕೆ ಹೇಳಿದವನೇ ಅವನು. ನನ್ನ ಅಪ್ಪಯ್ಯನ ಮುಖ ನೋಡಿ, ನನ್ನ ಮುಖ ನೋಡಿ ಹೇಳಿದ. ನಾನು ಸುಮ್ಮನಿದ್ದೆ. ಐದೆಣಿಸುವಷ್ಟು ಹೊತ್ತು. ಆ ಹೊತ್ತು ನನಗೆ ಹಿತವಾಗಿತ್ತು. ಮೊದಲ ಸಲ ಅವನು ಎಲ್ಲರೆದುರು ತಪ್ಪಿನವನಾಗಿ ನಿಂತಿದ್ದ.

ಆಮೇಲೆ ಸಿಟ್ಟು ಬಂತು. ಒಳ್ಳೆಯದೆನಿಸಿದಾಗ ಅದು ಅವನದಾಯಿತು. ಈಗ ಕೆಟ್ಟದಾದಾಗಲೂ ಅವನೇ ತೆಗೆದುಕೊಂಡು ಹೋಗುವುದೆಂದರೇನು?

“ಸುಳ್ಳು” ಅಂದೆ. “ಅಂವ ಬೇಡ ಅಂದಿದ್ದ. ಹಟ ಮಾಡಿ ಬರೆದಂವ ನಾನು. ಕಾನೂನು ನಂದು.”

“ನಿಂದಲ್ಲ ತ್ರಂಬಕಣ್ಣ” ಅಂದ ಮಾಸ್ತಿ. “ಅದು ಸಣ್ಣಿದು.”

ಎಷ್ಟು ಸಾದಾ ಆಗಿ ಹೇಳಿದ! ನಿನ್ನ ಅಂಗಿ ತಿರುಗುಮುರುಗಾಗಿದೆ ಎಂದ ಹಾಗೆ. ನನಗೆ ಕೂಡಲೇ ಎಲ್ಲ ನೆನಪಾಯಿತು. ಸಣ್ಣಿ ಮೊದಲ ದಿನ ಆಡಲಿಕ್ಕೆ ಬಂದಾಗ ಮಾಸ್ತಿ ಮಾಬ್ಲೇಶ್ವರನನ್ನು ಬೀಳಿಸಿದ್ದ. ಏನು ಮಾಡುವುದೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಅವಳು ಹೇಳಿದ್ದಳು. ಅದನ್ನು ನಾನು ದೊಡ್ಡ ದನಿಯಲ್ಲಿ ಇನ್ನೊಮ್ಮೆ ಹೇಳಿದ್ದೆ. ಆ ರಾತ್ರಿಯೇ ಅದು ನನ್ನದಾಗಿತ್ತು.

“ಹೌದು, ಅವಳದೇ” ಅಂದೆ. ಹೇಳಲಿಕ್ಕೆ ಬಹಳ ಕಷ್ಟವಾಯಿತು.

ಜಗಲಿಗೆ ಹೋದೆ. ಸಣ್ಣಿ ಕಿಟಕಿಯ ಸರಳು ಹಿಡಿದು ನಿಂತು ಮೊದಲಿನಿಂದ ಎಲ್ಲ ನೋಡುತ್ತಿದ್ದಳಂತೆ. “ಬಾ” ಅಂದೆ. ಬರಲಿಲ್ಲ. “ಆಡ್ಲಿಕ್ಕಲ್ಲ. ನಿನ್ನ ಕಾನೂನು ನಮಗೆ ಗೊತ್ತಾಗ್ತಾ ಇಲ್ಲ, ಹೇಳಿ ಹೋಗು” ಅಂದೆ. ಗಂಗೆ ಅವಳ ಬೆನ್ನು ತಳ್ಳಿದಳು. “ಹೋಗೇ, ಅಷ್ಟು ಜನ ಕಾಯ್ತ್ರು.”

ಒಳಗೆ ಬಂದು ಮಾಬ್ಲೇಶ್ವರನನ್ನು ನೋಡಿದಳು, ಗೋಡೆಗೆ ನಿಂತ ಜಾಫರ್‌ನನ್ನು ನೋಡಿದಳು.

“ಅಳೋನು ಒಳಗೆ ಎಂತಕ್ಕೆ?” ಅಂದಳು.

ಆಮೇಲೆ ಕೈ ಮಾಡಿ ಇಬ್ಬರನ್ನೂ ತೋರಿಸಿದಳು.

“ಇಬ್ರೂ ಹೊರಗೆ. ಅಳ್ಸಿದವ ಅಳೋನ ಬದಿಗೆ ಕೂರೂದು. ಅಂವ ನಕ್ರೆ ಇಬ್ರೂ ಒಳಗೆ.”

ಇಷ್ಟೇ. ಇದರಲ್ಲಿ ಅರ್ಧವನ್ನು ನಾನು ಮೊದಲು ಈ ನೋಟ್‌ಬುಕ್ಕಿನಲ್ಲೂ ಆಮೇಲೆ ಆ ಸಿಟ್ಟಿನ ಕಾಗದದಲ್ಲೂ ಬಿಟ್ಟಿದ್ದೆ. ಜೂನ್ ತಿಂಗಳಲ್ಲಿ ಮಕ್ಕಳು ಹಾಗೇ ಕೂತು ಏಳುತ್ತಿದ್ದರು. ಮಾಸ್ತಿ ಮಾಬ್ಲೇಶ್ವರನ ಬದಿಗೆ ಕೂತು ಮೂಗು ಸೊಟ್ಟ ಮಾಡಿ ತೋರಿಸುತ್ತಿದ್ದ. ನಾನು ದಿನಾ ನೋಡುತ್ತಿದ್ದೆ. ಸೀಟಿ ಬಂದ ಮೇಲೆ ಅದು ನಿಂತಿತು. ಯಾವಾಗ ನಿಂತಿತೆಂದು ಗೊತ್ತಾಗಲಿಲ್ಲ, ನಾನು ಆಗ ನಾರಾಯಣನನ್ನು ನೋಡುವುದರಲ್ಲಿದ್ದೆ.

“ಹಾಗಾದ್ರೆ ಆ ಗೋಲು?” ಎಂದು ಮೀರಾ ಸಾಹೇಬರು ಅವಳನ್ನೇ ಕೇಳಿದರು.

“ಅಳ್ತಾ ಆಡಿದ್ದು. ಅದು ಲೆಕ್ಕಕ್ಕಿಲ್ಲ.”

ಮಾಬ್ಲೇಶ್ವರನೂ ಜಾಫರ್‌ನೂ ಹೊಸ್ತಿಲ ಮೇಲೆ ಪಕ್ಕಪಕ್ಕ ಕೂತರು. ಮಾಬ್ಲೇಶ್ವರ ಮುಖ ಆಚೆ ತಿರುಗಿಸಿದ. ಜಾಫರ್ ಅವನ ಕಿವಿಯ ಹತ್ತಿರ ಏನೋ ಹೇಳಿದ. ನನ್ನ ತಮ್ಮ ನಗು ತಡೆಯಲು ಕೆನ್ನೆ ಉಬ್ಬಿಸಿದ, ಆಮೇಲೆ ಮೂಗಿನಿಂದಲೇ ನಕ್ಕ. ಇಬ್ಬರೂ ಓಡಿ ಬಂದರು. ಮತ್ತೆ ಹತ್ತು ನಿಮಿಷ ಆಟ. ಜಾಫರ್ ಕಂಬಕ್ಕೆ ಬಡಿಸಿ ಗೋಲು ಹೊಡೆದ. ನಾವು ಎರಡು, ಅವರು ಮೂರು. ಸೋತೆವು.

ಅಷ್ಟರಲ್ಲಿ ಮಳೆ ಬಿಟ್ಟು ಗಿರಾಕಿಗಳು ಬಂದಿದ್ದರು. ಸಣ್ಣಿ ಕೊನೆಯ ಗೋಲು ನೋಡಲಿಕ್ಕೆ ನಿಲ್ಲಲಿಲ್ಲ, ಬುಟ್ಟಿಯ ಹತ್ತಿರ ಹೋದಳು. ನಾನು ಹೋಗಿ, “ಅವತ್ತು ನಾರಾಯಣ ಕೇಳಿದಾಗ ನಿನ್ನ ಪರವಾಗಿ ನಾನು ಮಾತಾಡ್ಲಿಲ್ಲ, ಬೇಕಂತ್ಲೇ” ಅಂದೆ. ಅವಳು ನನ್ನನ್ನು ನೋಡಿ, “ಬಸಳೆ ಬೇಕಾ?” ಎಂದು ಕೇಳಿದಳು.

ಇವತ್ತಿನ ಹೊಟ್ಟೆಕಿಚ್ಚು ಪೂರ್ತಿ ಅವಳ ಮೇಲೆ. ಅಷ್ಟು ಜನ ಅವಳ ಬಾಯಿ ನೋಡುತ್ತಿದ್ದರು. ಅವಳಿಗೆ ಅದು ಬೇಕಾಗಿಯೇ ಇರಲಿಲ್ಲ.

ಗುರುವಾರ, ಆಗಸ್ಟ್ ೧೨

ಹುಣ್ಣಿಮೆಗೆ ಮೂರು ದಿನ. ಮಚವೆಗಳ ಗರಿ ತೆಗೆದು ಎಣ್ಣೆ ಹಚ್ಚುತ್ತಿದ್ದಾರೆ. ನಾಳೆಯಿಂದ ವಖಾರಿ ಗುಡಿಸಿ ಸರಕಿಗೆ ಅಣಿ ಮಾಡಬೇಕು. ಮಕ್ಕಳಿಗೆ ಹೇಳಿದೆ. ಮಾಸ್ತಿ ಗೋಣಿಯ ಕಟ್ಟಿಗೆ ಒಂದು ಒದೆ ಕೊಟ್ಟು ಹೋದ.

ಮೀರಾ ಸಾಹೇಬರು ಕಾಗದ ಬರೆದಿದ್ದಾರೆ. ಮೊದಲಿನದು ತಪ್ಪಿತ್ತು, ಸರಿಯಾದ ಕಾನೂನು ಬರೆದು ಕಳಿಸಬೇಕಂತೆ. ಕೆಳಗೆ, ‘ಯಾರ ಯಾರ ಕಾನೂನು ಎಂಬುದನ್ನೂ ಬರೆಯಿರಿ, ನಮ್ಮ ಮಕ್ಕಳು ಕೇಳುತ್ತಾರೆ’ ಎಂದಿದೆ.

ಸಂಜೆ ಮಕ್ಕಳನ್ನು ಕೂರಿಸಿ ಒಂದೊಂದಾಗಿ ಕೇಳಿದೆ. ಕಂಬ ಯಾರ ಕಡೆಯೂ ಅಲ್ಲ ಎಂದದ್ದು ಮಾಸ್ತಿಯಂತೆ. ಕಾಯುವವನು ಬದಲಾಗಬೇಕು ಎಂದು ರಂಪ ಮಾಡಿದ್ದು ಮಾಬ್ಲೇಶ್ವರ. ಐದೈದು ಜನ ಎಂದು ಯಾರು ಹೇಳಿದ್ದೆಂದು ಯಾರಿಗೂ ನೆನಪಿಲ್ಲ, ನಾವು ಹತ್ತು ಜನ ಇದ್ದೆವು, ಅಷ್ಟೆ. ಸೊಂಟದ ಮೇಲೆ ಒದೆಯಬಾರದು ಎಂಬುದು ನನ್ನದು. “ಅದು ಅಪ್ಪಯ್ಯಂದು” ಅಂದ ಮಾಬ್ಲೇಶ್ವರ. ಅಲ್ಲ, ಬೈದದ್ದು ಅಪ್ಪಯ್ಯ, ಕಾನೂನು ಮಾಡಿದ್ದು ನಾನು ಎಂದು ಗಟ್ಟಿಯಾಗಿ ಹೇಳಿದೆ. ಇದ್ದದ್ದು ಒಂದೇ, ಅದನ್ನು ಬಿಡಲಿಕ್ಕೆ ಆಗಲಿಲ್ಲ. ಮಕ್ಕಳು ಸ್ವಲ್ಪ ಹೊತ್ತು ಚರ್ಚೆ ಮಾಡಿ ಒಪ್ಪಿದರು.

ಅಳುವಿನ ಕಾನೂನನ್ನು ಸಣ್ಣಿಯನ್ನು ಕೂರಿಸಿಕೊಂಡು ಅವಳು ಹೇಳಿದ ಹಾಗೇ ಬರೆದೆ, ‘ಅಂವ ನಕ್ಕರೆ’ ಎಂಬುದನ್ನೂ ಬಿಡದೆ. ತನ್ನ ಹೆಸರು ಯಾವುದೆಂದು ಕೇಳಿದಳು, ತೋರಿಸಿದೆ. ಇಷ್ಟೇ ಇಷ್ಟಾ ಎಂದು ಕೇಳಿದಳು.

ಗೋಡೆಗೆ ಒತ್ತುವ ಹಾಗಿಲ್ಲ ಎಂಬುದು ಉಳಿಯಿತು. ಆರರಲ್ಲಿ ಅದು ಬಹಳ ಒಳ್ಳೆಯದು, ಸಣ್ಣಿಯದಕ್ಕೆ ಸಮ. ಅದರ ಮುಂದೆ ನಾರಾಯಣನ ಹೆಸರು ಬರೆದೆ. ಅವನು ಪಕ್ಕದಲ್ಲೇ ಕೂತು, ನನ್ನ ಹೆಸರು ಬೇಡ ಮಾರಾಯ ಅನ್ನುತ್ತಿದ್ದ. ನಿನ್ನನ್ನು ಯಾರು ಕೇಳಿದರು ಎಂದೆ.

ಮನೆಗೆ ಬಂದು ದೀಪದ ಹತ್ತಿರ ಕಾಗದ ಹಿಡಿದು ನೋಡಿದೆ. ಎಲ್ಲ ಹೆಸರುಗಳೂ ಒಂದೇ ಅಳತೆ, ಅವನದು ಮಾತ್ರ ಕೂದಲೆಳೆಯಷ್ಟು ಸಣ್ಣದಾಗಿದೆ. ಹಾಗೆ ಮಾಡಬೇಕೆಂದು ಮಾಡಿದ್ದಲ್ಲ. ಅಲ್ಲ, ಮಾಡಿದ್ದೇ. ಇನ್ನೊಂದು ಕಾಗದ ಇಲ್ಲ. ಈ ನೋಟ್‌ಬುಕ್ಕಿನ ಕೊನೆಯ ಹಾಳೆ ಹರಿದುಕೊಂಡು ಇನ್ನೊಮ್ಮೆ ಬರೆಯುತ್ತಿದ್ದೇನೆ.